ಟಾರ್ಚಿನ ಬಾಡಿ ಯಾವ ಲೋಹದ್ದಿರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಟಾರ್ಚ್ ಮಾಡುವ ಹವ್ಯಾಸ ನನಗೆ ಅಂಟಿಕೊಂಡು ಸುಮಾರು ವರ್ಷಗಳಾದವು. ಎಲ್‌ಇಡಿ ಬಗ್ಗೆ ಒಂದು ಪ್ರಶ್ನೆ ಕೇಳುವವರು ಲೋಹದ ಬಗ್ಗೆ ಹತ್ತು ಕೇಳುತ್ತಾರೆ. ಹಾಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಮೊದಲಿನವು ಹೊಸಬರಿಗೆ, ಕೊನೆಯವು ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ಮುಂದೆ ನಿಲ್ಲುವವರಿಗೆ.

## ಶುರು ಮಾಡುವ ಮುನ್ನ

ಬೆಳಕು ಚೆನ್ನಾಗಿ ಬಂದ್ರೆ ಸಾಕಲ್ವಾ, ಬಾಡಿ ಯಾವ ಲೋಹದ್ದಾದ್ರೆ ಏನು?

ಹಳೆಯ ಕಾಲದ ಬಲ್ಬಿನ ಟಾರ್ಚ್ ಆಗಿದ್ದರೆ ನಿಮ್ಮ ಮಾತು ಸರಿ. 1899ರಲ್ಲಿ ಡೇವಿಡ್ ಮಿಸೆಲ್ ಅಮೆರಿಕದಲ್ಲಿ ಪೇಟೆಂಟ್ ಪಡೆದ ಟಾರ್ಚಿನ ಮಾದರಿಯಲ್ಲಿ ಮೊದಮೊದಲು ತಯಾರಾದ ಟಾರ್ಚ್‌ಗಳ ಕೊಳವೆ ಕಾಗದ ಮತ್ತು ನಾರಿನದು. ಅದು ನಡೆಯಿತು, ಯಾಕೆಂದರೆ ಬಲ್ಬು ತನ್ನ ಬಿಸಿಯ ದೊಡ್ಡ ಪಾಲನ್ನು ಬೆಳಕಿನ ಜೊತೆಗೇ ಮುಂದಕ್ಕೆ ಎಸೆಯುತ್ತದೆ.

ಎಲ್‌ಇಡಿ ಹಾಗಲ್ಲ. ಅದಕ್ಕೆ ಕೊಟ್ಟ ವಿದ್ಯುತ್ತಿನಲ್ಲಿ ಅರ್ಧದಷ್ಟು, ಎಷ್ಟೋ ಸಲ ಅದಕ್ಕಿಂತ ಜಾಸ್ತಿ, ಬಿಸಿಯಾಗಿ ಹಿಂದಕ್ಕೆ ಇಳಿಯುತ್ತದೆ. ಆ ಬಿಸಿಯನ್ನು ಹೊರಗೆ ಹಾಕುವುದು ಬಾಡಿಯೇ. ಜೊತೆಗೆ, ಬ್ಯಾಟರಿಯ ಮೈನಸ್ ತುದಿಯಿಂದ, ಎಲ್‌ಇಡಿಗೆ ಕರೆಂಟನ್ನು ಹದವಾಗಿ ಕೊಡುವ ಸರ್ಕ್ಯೂಟ್ ಆದ ಡ್ರೈವರ್‌ಗೆ ಕರೆಂಟ್ ತಲುಪುವುದೂ ಸಾಮಾನ್ಯವಾಗಿ ಬಾಡಿಯ ಮೂಲಕವೇ. ಕೈಗೆ ಹಿಡಿತ ಕೊಡುವುದು, ಬಿದ್ದಾಗ ಒಳಗಿನದನ್ನು ಕಾಪಾಡುವುದು ಆಮೇಲಿನ ಮಾತು.

ನಾನು ಹೊಸಬ. ಸುತ್ತಿ ಬಳಸಿ ಬೇಡ, ಒಂದೇ ಲೋಹ ಹೇಳಿ.

ಗಟ್ಟಿ ಆನೋಡೈಸಿಂಗ್ (ವಿದ್ಯುತ್ತಿನಿಂದ ಮೇಲ್ಮೈಯಲ್ಲಿ ಗಡಸು ಆಕ್ಸೈಡ್ ಪದರ ಬೆಳೆಸುವುದು) ಮಾಡಿದ 6061 ಅಲ್ಯೂಮಿನಿಯಂ. 6061 ಅನ್ನುವುದು ಆ ಮಿಶ್ರಲೋಹದ ನಂಬರು. ಹಗುರ, ಬಿಸಿಯನ್ನು ಚೆನ್ನಾಗಿ ಸಾಗಿಸುತ್ತದೆ, ಕತ್ತರಿಸಲು ಸುಲಭ, ಒಂದು ತುಂಡು ಹಾಳಾದರೂ ಹೊಟ್ಟೆ ಉರಿಯುವುದಿಲ್ಲ. ಮೊದಲ ಟಾರ್ಚ್ ಇದರಲ್ಲೇ ಮಾಡಿ.

ಒಂದೇ ಅಳತೆ ಇಟ್ಟು ಲೋಹ ಮಾತ್ರ ಬದಲಾಯಿಸಿದ್ರೆ ತೂಕ ಎಷ್ಟು ಬದಲಾಗುತ್ತೆ?

ಒಂದು ಸಾದಾ ಕೊಳವೆ ತೆಗೆದುಕೊಳ್ಳೋಣ. 18650 ಅನ್ನುವ ಉದ್ದುರುಟಾದ ಲಿಥಿಯಂ ಬ್ಯಾಟರಿ ಹಿಡಿಸುವಂಥದ್ದು: ಹೊರ ವ್ಯಾಸ 23 ಮಿ.ಮೀ., ಒಳ ವ್ಯಾಸ 19 ಮಿ.ಮೀ., ಉದ್ದ 100 ಮಿ.ಮೀ. ಇದರಲ್ಲಿ ಸುಮಾರು 13 ಘನ ಸೆಂ.ಮೀ. ಲೋಹ ಇರುತ್ತದೆ. ಅಲ್ಯೂಮಿನಿಯಂ ಆದರೆ 36 ಗ್ರಾಂ, ಟೈಟೇನಿಯಂ 58, ಸ್ಟೇನ್‌ಲೆಸ್ ಸ್ಟೀಲ್ 106, ಹಿತ್ತಾಳೆ 112, ತಾಮ್ರ 118 ಗ್ರಾಂ. ಬ್ಯಾಟರಿಯ ತೂಕವೇ 45ರಿಂದ 50 ಗ್ರಾಂ. ಹೆಡ್ (ಎಲ್‌ಇಡಿ ಕೂರುವ ಮುಂಭಾಗ) ಮತ್ತು ಟೇಲ್ ಕ್ಯಾಪ್ (ಹಿಂದಿನ ಮುಚ್ಚಳ) ಇನ್ನೂ ಸೇರಿಲ್ಲ.

ತಾಮ್ರದ ಟಾರ್ಚ್ ಕೈಯಲ್ಲಿ ಹಿಡಿದಾಗ ಸಿಗುವ ಖುಷಿಯೇ ಬೇರೆ, ಒಪ್ಪುತ್ತೇನೆ. ಆದರೆ ಅದನ್ನೇ ಅಂಗಿ ಜೇಬಿಗೆ ಹಾಕಿ ಒಂದು ದಿನ ಓಡಾಡಿ ನೋಡಿ. ಆರ್ಡರ್ ಕೊಡುವ ಮುನ್ನ ಅಷ್ಟೇ ತೂಕದ ಯಾವುದಾದರೂ ವಸ್ತುವನ್ನು ಒಂದು ವಾರ ಜೇಬಲ್ಲಿಟ್ಟುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

## ಒಂದೊಂದೇ ಲೋಹ

6061 ಮತ್ತು 7075, ಎರಡೂ ಅಲ್ಯೂಮಿನಿಯಮ್ಮೇ ಅಲ್ವಾ? ಏನು ವ್ಯತ್ಯಾಸ?

7075 ಸತುವು ಬೆರೆಸಿದ ಅಲ್ಯೂಮಿನಿಯಂ. ಟಿ6 ಹದದಲ್ಲಿ (ಕಾಯಿಸಿ ಗಟ್ಟಿ ಮಾಡಿದ ಸ್ಥಿತಿಯಲ್ಲಿ) ಅದರ ಬಲ 6061ಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು: ಬಾಗಿ ಹಾಗೇ ಉಳಿಯಲು ಬೇಕಾದ ಒತ್ತಡ 6061ಕ್ಕೆ ಸುಮಾರು 275 ಮೆಗಾಪಾಸ್ಕಲ್, 7075ಕ್ಕೆ ಸುಮಾರು 500. ಬಿಸಿ ಸಾಗಿಸುವುದರಲ್ಲಿ 6061 ಮುಂದೆ, ತುಕ್ಕಿನಂಥ ಸವೆತ ತಡೆಯುವುದರಲ್ಲೂ ಅದೇ ಮುಂದೆ.

ಟಾರ್ಚ್ ಕೊಳವೆಗೆ 6061ರ ಬಲವೇ ಧಾರಾಳ. ಗೋಡೆಯನ್ನು ತೀರಾ ತೆಳ್ಳಗೆ ಮಾಡಬೇಕಾದಾಗ ಮಾತ್ರ 7075 ಬೇಕಾಗುತ್ತದೆ. ಹೆಡ್ಡನ್ನು ಒಂದರಲ್ಲಿ, ಬಾಡಿಯನ್ನು ಇನ್ನೊಂದರಲ್ಲಿ ಮಾಡಬೇಡಿ. ಒಂದೇ ತೊಟ್ಟಿಯಲ್ಲಿ ಒಟ್ಟಿಗೆ ಆನೋಡೈಸ್ ಮಾಡಿದರೂ ಎರಡರ ಬಣ್ಣ ಬೇರೆ ಬೇರೆ ಛಾಯೆಯಲ್ಲಿ ಬರುತ್ತದೆ.

ತಾಮ್ರದ ಟಾರ್ಚ್ ಮಾಡಿಸಿದೆ, ಒಂದೇ ತಿಂಗಳಲ್ಲಿ ಕಪ್ಪಾಯ್ತು. ಹಾಳಾಯ್ತಾ?

ಏನೂ ಹಾಳಾಗಿಲ್ಲ. ಗಾಳಿ ಮತ್ತು ಬೆವರು ತಾಗಿ ಮೇಲ್ಮೈ ಮಾತ್ರ ಬಣ್ಣ ಬದಲಿಸಿದೆ. ಮೊದಲು ಕಿತ್ತಳೆ, ಆಮೇಲೆ ಕಂದು, ಆಮೇಲೆ ಹೆಚ್ಚುಕಡಿಮೆ ಕಪ್ಪು. ನನ್ನ ಬಳಿ ಇರುವ ತಾಮ್ರದ ಟಾರ್ಚ್‌ನಲ್ಲಿ ಹೆಬ್ಬೆರಳು ಕೂರುವ ಜಾಗ ಮಾತ್ರ ಹೊಳೆಯುತ್ತದೆ, ಸುತ್ತ ಕಡುಕಂದು. ಹಿಡಿತಕ್ಕಾಗಿ ಮೈಮೇಲೆ ಮೂಡಿಸಿದ ನರ್ಲಿಂಗ್‌ನ ಗೀರುಗಳ ತಳದಲ್ಲಿ ಬಣ್ಣ ಇನ್ನೂ ಗಾಢ. ಅದನ್ನು ಉಜ್ಜಲು ನನಗೆ ಮನಸ್ಸೇ ಬರುವುದಿಲ್ಲ.

ಹಸಿರು ಕಿಲುಬು ಕಂಡರೆ ಮಾತ್ರ ಒರೆಸಿ ತೆಗೆಯಿರಿ. ಅದು ತೇವ ಮತ್ತು ಉಪ್ಪು ನಿಂತಿರುವ ಗುರುತು, ಥ್ರೆಡ್ (ತಿರುಪಿನ ಗೆರೆ) ಒಳಗೆ ಸೇರಿದರೆ ಕರೆಂಟಿಗೆ ಅಡ್ಡ ಬರುತ್ತದೆ. ಹೊಸದರಂತೆ ಹೊಳೆಯಬೇಕು ಅಂದರೆ ನಿಂಬೆ ರಸ, ಉಪ್ಪು ಸಾಕು. ಆದರೆ ಎಲ್‌ಇಡಿ, ಡ್ರೈವರ್ ಎಲ್ಲ ಹೊರಗೆ ತೆಗೆದು, ತಿಕ್ಕಿದ ಮೇಲೆ ನೀರಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ಕೈಗೆ ಅಂಟುವ ಆ ಲೋಹದ ವಾಸನೆಗೆ ಕಾರಣ ಲೋಹದ ಮೇಲೆ ಬದಲಾಗುವ ನಮ್ಮ ಚರ್ಮದ ಜಿಡ್ಡು. ಸೋಪು ಹಾಕಿ ಕೈ ತೊಳೆದರೆ ಹೋಗುತ್ತದೆ.

ಹಿತ್ತಾಳೆನೂ ತಾಮ್ರದಷ್ಟೇ ಭಾರ. ಮತ್ತೆ ಯಾಕೆ ಹಿತ್ತಾಳೆ ತಗೋಬೇಕು?

ಬಿಸಿ ಸಾಗಿಸುವ ಲೆಕ್ಕದಲ್ಲಿ ನೋಡಿದರೆ ತಗೋಬಾರದು. ತಾಮ್ರದ ಶಾಖ ಸಾಗಿಸುವ ಅಂಕಿ (ಮೀಟರಿಗೆ, ಡಿಗ್ರಿಗೆ ಇಷ್ಟು ವ್ಯಾಟ್ ಅಂತ; ಹೆಚ್ಚಿದಷ್ಟೂ ಒಳ್ಳೆಯದು) ಸುಮಾರು 390 ಇದ್ದರೆ ಹಿತ್ತಾಳೆಯದು 115ರ ಆಸುಪಾಸು, ಅಲ್ಯೂಮಿನಿಯಮ್ಮಿಗಿಂತಲೂ ಕಡಿಮೆ. ಆದರೆ ಲೇತ್ ಮೇಲೆ ಹಿತ್ತಾಳೆಯಷ್ಟು ಮಾತು ಕೇಳುವ ಲೋಹ ಇನ್ನೊಂದಿಲ್ಲ. ಸಿ360 ಹಿತ್ತಾಳೆ ಕತ್ತರಿಸುವಾಗ ಉದ್ದ ಸುರುಳಿ ಬರುವುದಿಲ್ಲ, ಪುಡಿಪುಡಿಯಾಗಿ ಉದುರುತ್ತದೆ. ಥ್ರೆಡ್ ಅಂಚು ಚೂಪಾಗಿ, ನುಣುಪಾಗಿ ಬರುತ್ತದೆ. ಬೇರೆ ತಾಮ್ರ ಮಿಶ್ರಲೋಹಗಳನ್ನು ಕತ್ತರಿಸುವುದು ಎಷ್ಟು ಸುಲಭ ಅಂತ ಅಳೆಯುವಾಗ ಇದನ್ನೇ 100 ಅಂತ ಇಟ್ಟುಕೊಳ್ಳುತ್ತಾರೆ.

ಈ ಸುಲಭಕ್ಕೆ ಕಾರಣ ಅದರಲ್ಲಿರುವ ಸುಮಾರು 3 ಪ್ರತಿಶತ ಸೀಸ. ಹಾಗಾಗಿ ಕತ್ತರಿಸಿದ ಮೇಲೆ ಕೈ ತೊಳೆಯಿರಿ, ಉಜ್ಜಿದ ಪುಡಿಯನ್ನು ಉಸಿರಾಡಬೇಡಿ. ಬಾಯಲ್ಲಿ ಕಚ್ಚಿ ಹಿಡಿಯುವ ಚಿಕ್ಕ ಟಾರ್ಚ್‌ಗೆ ಹಿತ್ತಾಳೆ ಬೇಡವೇ ಬೇಡ.

ಟೈಟೇನಿಯಂ ಎಲ್ಲಕ್ಕಿಂತ ಶ್ರೇಷ್ಠ ಅಂತಾರಲ್ಲ, ನಿಜಾನಾ?

ಬಲದಲ್ಲಿ ನಿಜ, ಬೆವರು ಮತ್ತು ಉಪ್ಪುನೀರಿಗೆ ಜಗ್ಗದಿರುವುದರಲ್ಲಿ ನಿಜ. ಹೆಚ್ಚಾಗಿ ಬಳಸುವ ಗ್ರೇಡ್ 5ರಲ್ಲಿ 6 ಪ್ರತಿಶತ ಅಲ್ಯೂಮಿನಿಯಂ, 4 ಪ್ರತಿಶತ ವನೇಡಿಯಂ ಇರುತ್ತದೆ. ಸ್ಟೀಲಿಗಿಂತ ಬಹಳ ಹಗುರ, ಬಿದ್ದರೆ ಸುಲಭಕ್ಕೆ ತಗ್ಗಾಗುವುದಿಲ್ಲ.

ಸೋಲುವುದು ಬಿಸಿಯ ವಿಷಯದಲ್ಲಿ. ಗ್ರೇಡ್ 5ರ ಶಾಖ ಸಾಗಿಸುವ ಅಂಕಿ ಬರೀ 6.7. ಅಲ್ಯೂಮಿನಿಯಂ 6061ಕ್ಕೆ ಅದೇ ಅಂಕಿ 167. ಅಂದರೆ 25 ಪಟ್ಟು ಹಿಂದೆ. ಚಿಕ್ಕ ಬ್ಯಾಟರಿಯ, ಹದವಾದ ಬೆಳಕಿನ ಟಾರ್ಚ್‌ಗೆ ಟೈಟೇನಿಯಂ ಬಹಳ ಸೊಗಸು. ಕಣ್ಣು ಕೋರೈಸುವ ಬೆಳಕಿನ ಟಾರ್ಚ್‌ಗೆ ಪೂರ್ತಿ ಟೈಟೇನಿಯಂ ಹೆಡ್ ಬೇಡ.

ಗೀರು ಬೀಳುವುದಿಲ್ಲ ಅನ್ನುವುದು ತಪ್ಪು ನಂಬಿಕೆ. ಬೀಗದ ಕೈ ಜೊತೆ ಒಂದೇ ಜೇಬಲ್ಲಿ ಹಾಕಿದರೆ ಮೊದಲ ದಿನವೇ ಸಣ್ಣ ಗೀರುಗಳು ಕಾಣುತ್ತವೆ. ಅಲ್ಯೂಮಿನಿಯಂ ಮೇಲಿನ ಗಟ್ಟಿ ಆನೋಡೈಸಿಂಗ್ ಪದರವೇ ಇದಕ್ಕಿಂತ ಗಡಸು, ಅದು ಅಲ್ಯೂಮಿನಿಯಂ ಆಕ್ಸೈಡ್. ಮಾಣಿಕ್ಯ, ನೀಲದ ಹರಳುಗಳೂ ಅದೇ ವಸ್ತು.

ಸ್ಟೇನ್‌ಲೆಸ್ ಸ್ಟೀಲ್ ಬಗ್ಗೆ ಯಾರೂ ಮಾತೇ ಆಡಲ್ಲ, ಯಾಕೆ?

ಹಿತ್ತಾಳೆಯ ತೂಕ, ಟೈಟೇನಿಯಮ್ಮಿಗಿಂತ ಸ್ವಲ್ಪವೇ ಮೇಲಾದ ಶಾಖದ ಅಂಕಿ (ಸುಮಾರು 16). ಎರಡು ಕಡೆಯ ಅನನುಕೂಲವೂ ಒಂದೇ ಲೋಹದಲ್ಲಿ. ಆದರೂ ಕೀಲಿ ಗೊಂಚಲಿಗೆ ಹಾಕುವ ಪುಟ್ಟ ಟಾರ್ಚ್‌ಗೆ ಒಳ್ಳೆಯದೇ. ಸಮುದ್ರದ ನೀರಿನ ಹತ್ತಿರ ಬಳಸುವುದಾದರೆ ಮಾಲಿಬ್ಡಿನಂ ಇರುವ 316. ಲೇತ್ ಕೆಲಸ ಸುಲಭ ಆಗಬೇಕಾದರೆ ಗಂಧಕ ಸೇರಿಸಿದ 303, ಆದರೆ ಅದು ಉಪ್ಪುನೀರಿಗೆ ಅಷ್ಟು ತಡೆಯುವುದಿಲ್ಲ.

## ಬಿಸಿಯ ಲೆಕ್ಕ

ತಾಮ್ರದ ಟಾರ್ಚ್ ತಣ್ಣಗಿರುತ್ತೆ ಅಂದ್ರು. ನನ್ನದು ಅಲ್ಯೂಮಿನಿಯಮ್ಮಿಗಿಂತ ಬೇಗ ಕೈ ಸುಡುತ್ತಲ್ಲ?

ಅದು ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ ಅಂತ ಅರ್ಥ. ಎಲ್‌ಇಡಿ ಹತ್ತಿರ ಹುಟ್ಟಿದ ಬಿಸಿ ಕೂಡಲೇ ನಿಮ್ಮ ಕೈಯವರೆಗೆ ಬಂದಿದೆ. ಕೈಗೆ ತಣ್ಣಗಿದೆ ಅನ್ನಿಸುವ ಟಾರ್ಚ್‌ನಲ್ಲಿ ಎಲ್‌ಇಡಿ ಒಳಗೇ ಬೇಯುತ್ತಿರಬಹುದು.

ಅಂಕಿಯಲ್ಲಿ ನೋಡೋಣ. 23 ಮಿ.ಮೀ. ಹೊರ ವ್ಯಾಸ, 19 ಮಿ.ಮೀ. ಒಳ ವ್ಯಾಸದ ಕೊಳವೆಯಲ್ಲಿ 5 ವ್ಯಾಟ್ ಬಿಸಿಯನ್ನು 50 ಮಿ.ಮೀ. ದೂರ ಸಾಗಿಸಬೇಕು ಅಂದುಕೊಳ್ಳಿ. ಆ ಎರಡು ತುದಿಗಳ ನಡುವಿನ ಉಷ್ಣತೆಯ ವ್ಯತ್ಯಾಸ ತಾಮ್ರದಲ್ಲಿ ಸುಮಾರು 5 ಡಿಗ್ರಿ, 6061ರಲ್ಲಿ 11, ಹಿತ್ತಾಳೆಯಲ್ಲಿ 16 ಡಿಗ್ರಿ ಬರುತ್ತದೆ. ಗ್ರೇಡ್ 5 ಟೈಟೇನಿಯಂಗೆ ಅದೇ ಲೆಕ್ಕ ಹಾಕಿದರೆ 280 ಡಿಗ್ರಿ ದಾಟುತ್ತದೆ. ಅಷ್ಟು ಬಿಸಿ ಯಾವ ಟಾರ್ಚ್‌ನಲ್ಲೂ ಇರುವುದಿಲ್ಲ, ಅಂದರೆ ಆ 5 ವ್ಯಾಟ್ ಆ ದಾರಿಯಲ್ಲಿ ಹೋಗುವುದೇ ಇಲ್ಲ. ಹೆಡ್ಡಿನಲ್ಲೇ ನಿಲ್ಲುತ್ತದೆ. ಹೆಡ್ ಮುಟ್ಟಲಾಗದಷ್ಟು ಕಾದು, ಬಾಲದ ಕಡೆ ತಣ್ಣಗಿರುವ ಟೈಟೇನಿಯಂ ಟಾರ್ಚ್ ನೀವು ಹಿಡಿದಿದ್ದರೆ ಇದೇ ಕಾರಣ. ಉಷ್ಣತೆ ಅಳೆಯುವ ಡ್ರೈವರ್ ಇದ್ದರೆ ಅದು ಬೇಗ ಬೆಳಕು ತಗ್ಗಿಸುತ್ತದೆ.

ಗೋಡೆ ದಪ್ಪ ಮಾಡಿ, ಭಾರದ ತಾಮ್ರ ಹಾಕಿದ್ರೆ ಎಷ್ಟು ಹೊತ್ತು ಬೇಕಾದ್ರೂ ಫುಲ್ ಬೆಳಕು ಸಿಗುತ್ತಾ?

ಸಿಗುವುದಿಲ್ಲ. ಲೋಹ ಒಂದು ಪಾತ್ರೆ ಇದ್ದಂತೆ. ದೊಡ್ಡ ಪಾತ್ರೆ ತುಂಬಲು ಹೆಚ್ಚು ಹೊತ್ತು ಬೇಕು, ಆದರೆ ತುಂಬಿಯೇ ತುಂಬುತ್ತದೆ.

36 ಗ್ರಾಂ ಅಲ್ಯೂಮಿನಿಯಂ ಕೊಳವೆ ಒಂದು ಡಿಗ್ರಿ ಬಿಸಿಯಾಗಲು ಸುಮಾರು 32 ಜೂಲ್ ಬೇಕು. ಅದೇ ಅಳತೆಯ 118 ಗ್ರಾಂ ತಾಮ್ರದ ಕೊಳವೆಗೆ 45 ಜೂಲ್. 6 ವ್ಯಾಟ್ ಬಿಸಿ ಸುರಿದರೆ, ಗಾಳಿಗೆ ಹೋಗುವುದನ್ನು ಬಿಟ್ಟು ಲೆಕ್ಕ ಹಾಕಿದಾಗ, 30 ಡಿಗ್ರಿ ಏರಲು ಅಲ್ಯೂಮಿನಿಯಮ್ಮಿಗೆ 160 ಸೆಕೆಂಡ್, ತಾಮ್ರಕ್ಕೆ 225 ಸೆಕೆಂಡ್. ತೂಕ ಮೂರು ಪಟ್ಟಿಗಿಂತ ಜಾಸ್ತಿ ಆಯಿತು, ಸಿಕ್ಕಿದ್ದು ಒಂದು ನಿಮಿಷ.

ಆಮೇಲೆ ಎಲ್ಲ ಗಾಳಿಯ ಕೈಯಲ್ಲಿ. ಇಂಥ ಟಾರ್ಚಿನ ಹೊರಮೈ ಸುಮಾರು 80 ಚದರ ಸೆಂ.ಮೀ. ಗಾಳಿ ಆಡದ ಕಡೆ, ಸುತ್ತಲಿಗಿಂತ 25 ಡಿಗ್ರಿ ಬಿಸಿ ಇದ್ದಾಗ, ಅದು ಬಿಡಬಲ್ಲದ್ದು ಹೆಚ್ಚುಕಡಿಮೆ 2 ವ್ಯಾಟ್. ಯಾವ ಲೋಹ ಹಾಕಿದರೂ ಇದು ಜಾಸ್ತಿ ಬದಲಾಗುವುದಿಲ್ಲ. ರೆಕ್ಕೆಯಂಥ ಗೀರುಗಳನ್ನು ಕೊರೆದು ಹೊರಮೈ ಹೆಚ್ಚಿಸಿದರೆ ಸ್ವಲ್ಪ ಸಹಾಯ. ಆನೋಡೈಸ್ ಮಾಡಿದ ಮೈ, ಪಾಲಿಶ್ ಮಾಡಿದ ಬರಿ ಲೋಹಕ್ಕಿಂತ ಚೆನ್ನಾಗಿ ಬಿಸಿಯನ್ನು ಹೊರಸೂಸುತ್ತದೆ. ನಿಮ್ಮ ಕೈ ಇವೆಲ್ಲಕ್ಕಿಂತ ಒಳ್ಳೆಯದು, ರಕ್ತ ಹರಿಯುತ್ತಾ ಬಿಸಿಯನ್ನು ಒಯ್ಯುತ್ತದೆ.

ಟೈಟೇನಿಯಂ ನೋಟವೂ ಬೇಕು, ಬಿಸಿನೂ ಹೋಗ್ಬೇಕು. ಎರಡೂ ಆಗುತ್ತಾ?

ಆಗುತ್ತದೆ. ನನಗೆ ತುಂಬಾ ಇಷ್ಟದ ಜೋಡಣೆಯೇ ಇದು: ತಾಮ್ರದ ಹೆಡ್, ಟೈಟೇನಿಯಂ ಬಾಡಿ. ತಾಮ್ರ ಹೊರಗೆ ಕಾಣುವುದು ಬೇಡ ಅಂದರೆ ಟೈಟೇನಿಯಂ ಹೆಡ್ ಒಳಗೆ ತಾಮ್ರದ ಗಟ್ಟಿಯೊಂದನ್ನು ಬಿಗಿಯಾಗಿ ಕೂರಿಸಬಹುದು. ಇದರಿಂದ ಬಿಸಿ ಒಂದೇ ಕಡೆ ನಿಲ್ಲದೆ ಅಗಲಕ್ಕೆ ಹರಡುತ್ತದೆ, ಆಮೇಲೆ ತೆಳುವಾದ ಟೈಟೇನಿಯಂ ಗೋಡೆ ದಾಟುವುದು ಕಷ್ಟವಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಬಿಸಿಯಾದಾಗ ತಾಮ್ರ, ಟೈಟೇನಿಯಮ್ಮಿಗಿಂತ ಹೆಚ್ಚು ಹಿಗ್ಗುತ್ತದೆ. 25 ಮಿ.ಮೀ. ವ್ಯಾಸ, 40 ಡಿಗ್ರಿ ಏರಿಕೆಗೆ ಸುಮಾರು 8 ಮೈಕ್ರಾನ್ ವ್ಯತ್ಯಾಸ. ಹಾಗಾಗಿ ಟಾರ್ಚ್ ಕಾದಷ್ಟೂ ಒಳಗಿನ ತಾಮ್ರ ಇನ್ನೂ ಬಿಗಿಯಾಗುತ್ತದೆ. ಅಲ್ಯೂಮಿನಿಯಂ ಹೆಡ್ ಒಳಗೆ ತಾಮ್ರ ಕೂರಿಸಿದರೆ ಇದು ಉಲ್ಟಾ. ಅಲ್ಯೂಮಿನಿಯಂ ಜಾಸ್ತಿ ಹಿಗ್ಗಿ 7 ಮೈಕ್ರಾನ್‌ನಷ್ಟು ಸಡಿಲ ಬಿಡುತ್ತದೆ, ಬಿಸಿ ದಾಟಲೇಬೇಕಾದ ಹೊತ್ತಿನಲ್ಲೇ. ಅಂಥ ಕಡೆ ಥ್ರೆಡ್ ಹಾಕಿ ಬಿಗಿಯಿರಿ, ಅಥವಾ ಮೊದಲೇ ಆ ಲೆಕ್ಕ ಹಿಡಿದು ಒತ್ತಿ ಕೂರಿಸಿ.

## ಥ್ರೆಡ್, ಕರೆಂಟ್, ಲೇತ್

ಎರಡು ಲೋಹ ಸೇರಿದ್ರೆ ಒಂದು ಇನ್ನೊಂದನ್ನ ತಿನ್ನುತ್ತೆ ಅಂತಾರೆ. ಭಯ ಪಡಬೇಕಾ?

ನೀರು ಅಥವಾ ಬೆವರು ಸೇರಿದರೆ ಮಾತ್ರ. ತಾಮ್ರ ಮತ್ತು ಬರಿ ಅಲ್ಯೂಮಿನಿಯಂ ಒಟ್ಟಿಗಿದ್ದು ನಡುವೆ ಉಪ್ಪುನೀರು ನಿಂತರೆ ಸವೆಯುವುದು ಅಲ್ಯೂಮಿನಿಯಂ, ಬಿಳಿ ಪುಡಿ ಕಾಣಿಸುತ್ತದೆ. ನೀರು ತಡೆಯುವ ರಬ್ಬರ್ ಬಳೆ, ಅಂದರೆ ಓ ರಿಂಗ್, ಸರಿಯಾಗಿ ಕೂತಿದ್ದು, ಥ್ರೆಡ್‌ಗೆ ಗ್ರೀಸ್ ಇದ್ದರೆ ಒಳಗೆ ತೊಂದರೆ ಇಲ್ಲ. ಹೊರಗಡೆಯ ಉಂಗುರ, ಕ್ಲಿಪ್‌ಗಳ ಅಡಿಯಲ್ಲಿ ಆಗಾಗ ನೋಡುತ್ತಿರಿ. ತಾಮ್ರಕ್ಕೂ ಹಿತ್ತಾಳೆಗೂ ಜಗಳ ಕಡಿಮೆ.

ಟೈಟೇನಿಯಂ ಟೇಲ್ ಕ್ಯಾಪ್ ತಿರುಗ್ತಾನೇ ಇಲ್ಲ, ಕಚ್ಕೊಂಡಿದೆ. ಏನು ಮಾಡ್ಲಿ?

ಈ ಸಂಕಟ ನನಗೆ ಗೊತ್ತು. ನನ್ನ ಮೊದಲ ಟೈಟೇನಿಯಂ ಟಾರ್ಚ್‌ನ ಥ್ರೆಡ್ ಕೊರೆದ ದಿನ, ಸರಿ ಕೂರುತ್ತದಾ ನೋಡೋಣ ಅಂತ ಸುಮ್ನೆ ಒಣಗಿದ್ದಾಗಲೇ ಕ್ಯಾಪ್ ಹಾಕಿ ತಿರುಗಿಸಿದೆ. ಎರಡು ಸುತ್ತು ನಯವಾಗಿ ಹೋಯಿತು. ಮೂರನೆಯದಕ್ಕೆ ಕರಕರ ಅಂತ ಸಣ್ಣ ಸದ್ದು, ಆಮೇಲೆ ಕಲ್ಲಿನಂತೆ ನಿಂತಿತು. ಕೊನೆಗೆ ಎರಡನ್ನೂ ಕತ್ತರಿಸಿ ಬೇರೆ ಮಾಡಬೇಕಾಯಿತು. ಥ್ರೆಡ್ ಮೇಲೆ ಒಂದರ ಲೋಹ ಇನ್ನೊಂದಕ್ಕೆ ಬೆಸೆದುಕೊಂಡು ಕಿತ್ತು ಬಂದಿತ್ತು.

ಟೈಟೇನಿಯಂ ಮೇಲಿನ ತೆಳು ಆಕ್ಸೈಡ್ ಪದರ ಒತ್ತಡದಲ್ಲಿ ಹರಿದಾಗ ಬರಿ ಲೋಹ ಬರಿ ಲೋಹಕ್ಕೆ ಅಂಟುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೂ ಈ ಗುಣ ಇದೆ. ನಿಮ್ಮದು ಈಗಷ್ಟೇ ಹಿಡಿದಿದ್ದರೆ ಬಲ ಹಾಕಬೇಡಿ. ನುಸುಳುವ ಎಣ್ಣೆ ಬಿಟ್ಟು, ರಾತ್ರಿಯಿಡೀ ಇಟ್ಟು, ಹಿಂದಕ್ಕೂ ಮುಂದಕ್ಕೂ ಕೂದಲೆಳೆಯಷ್ಟು ಆಡಿಸುತ್ತಾ ಬಿಡಿಸಿ.

ಮುಂದೆ ಹೀಗಾಗದಿರಲು ಥ್ರೆಡ್ಡನ್ನು ಯಾವತ್ತೂ ಒಣಗಿ ತಿರುಗಿಸಬೇಡಿ. ಚೂಪು ತ್ರಿಕೋನದ ಬದಲು ಚಪ್ಪಟೆ ತಲೆಯ ಥ್ರೆಡ್ ಹಾಕಿ, ಅಂಚಿನ ತರಿ ಪೂರ್ತಿ ತೆಗೆಯಿರಿ. ಒಂದು ಕಡೆ ಬೇರೆ ಲೋಹ ಬಳಸಿದರೆ ಇನ್ನೂ ಒಳ್ಳೆಯದು. ಗ್ರೀಸ್ ಆರಿಸುವಾಗ ಓ ರಿಂಗ್ ನೋಡಿ: ನೈಟ್ರೈಲ್ ರಬ್ಬರಿಗೆ ಸಿಲಿಕೋನ್ ಗ್ರೀಸ್ ನಡೆಯುತ್ತದೆ, ಸಿಲಿಕೋನ್ ರಬ್ಬರಿಗೆ ಅದೇ ಗ್ರೀಸ್ ಹಾಕಿದರೆ ಊದಿಕೊಳ್ಳುತ್ತದೆ.

ಅಲ್ಯೂಮಿನಿಯಂ ಟಾರ್ಚ್‌ನಲ್ಲಿ ಕ್ಯಾಪ್ ಸ್ವಲ್ಪ ತಿರುಗಿಸಿದ್ರೆ ಆಫ್ ಆಗಿ ಲಾಕ್ ಆಗುತ್ತೆ. ತಾಮ್ರದ್ದರಲ್ಲಿ ಯಾಕೆ ಆಗಲ್ಲ?

ಆನೋಡೈಸಿಂಗ್ ಪದರದ ಮೂಲಕ ಕರೆಂಟ್ ಹರಿಯುವುದಿಲ್ಲ. ಥ್ರೆಡ್ ಪೂರ್ತಿ ಆನೋಡೈಸ್ ಆಗಿದ್ದರೆ ಕೊಳವೆಯ ಬರಿ ಲೋಹದ ತುದಿ ಮುಟ್ಟಿದಾಗ ಮಾತ್ರ ಸಂಪರ್ಕ. ಕಾಲು ಸುತ್ತು ಬಿಚ್ಚಿದರೆ ಸಂಪರ್ಕ ತಪ್ಪುತ್ತದೆ. ತಾಮ್ರ, ಹಿತ್ತಾಳೆ, ಟೈಟೇನಿಯಮ್ಮಿನ ಥ್ರೆಡ್‌ಗಳು ಎಲ್ಲ ಕಡೆಯೂ ಕರೆಂಟ್ ಬಿಡುತ್ತವೆ, ಹಾಗಾಗಿ ತುಂಬಾ ಬಿಚ್ಚಬೇಕು. ಜೋರು ಬೆಳಕಿನ ತಾಮ್ರದ ಟಾರ್ಚ್ ಚೀಲದೊಳಗೆ ತಾನಾಗಿ ಹೊತ್ತಿಕೊಂಡರೆ ಬಟ್ಟೆ ಸುಡಬಹುದು. ಸ್ವಿಚ್‌ನಲ್ಲೇ ಲಾಕ್ ಇರುವ ಡ್ರೈವರ್ ಹಾಕಿ, ಇಲ್ಲವೇ ಗುಂಡಿಯನ್ನು ಬಾಡಿ ಮಟ್ಟಕ್ಕಿಂತ ಒಳಗೆ ಕೂರಿಸಿ.

ಟೈಟೇನಿಯಮ್ಮಿಗೆ ವಿದ್ಯುತ್ ಪ್ರತಿರೋಧ ಜಾಸ್ತಿ. ಬೆಳಕು ಕಡಿಮೆ ಆಗಲ್ವಾ?

ತಾಮ್ರಕ್ಕಿಂತ ನೂರು ಪಟ್ಟು ಜಾಸ್ತಿ, ನಿಜ. ಆದರೂ 2 ಮಿ.ಮೀ. ಗೋಡೆಯ, 100 ಮಿ.ಮೀ. ಉದ್ದದ ಕೊಳವೆಯಲ್ಲಿ ಅದು ಸುಮಾರು 1.3 ಮಿಲಿ ಓಮ್ ಅಷ್ಟೇ. 10 ಆಂಪಿಯರ್ ಹರಿದರೂ ಕಳೆದುಹೋಗುವುದು 13 ಮಿಲಿ ವೋಲ್ಟ್. ಕೊಳಕಾದ ಥ್ರೆಡ್, ಸೋತ ಸ್ಪ್ರಿಂಗ್ ಇದಕ್ಕಿಂತ ಎಷ್ಟೋ ಪಟ್ಟು ತಿನ್ನುತ್ತವೆ. ಮೊದಲು ಅಲ್ಲಿ ಒರೆಸಿ.

ಆನೋಡೈಸ್ ಆದ್ಮೇಲೆ ಥ್ರೆಡ್ ಕೂರ್ತಾನೇ ಇಲ್ಲ. ಅಳತೆ ಸರಿ ಇತ್ತು.

ಪದರ ಅರ್ಧ ಒಳಕ್ಕೆ, ಅರ್ಧ ಹೊರಕ್ಕೆ ಬೆಳೆಯುತ್ತದೆ. 50 ಮೈಕ್ರಾನ್ ಗಟ್ಟಿ ಆನೋಡೈಸಿಂಗ್ ಅಂದರೆ ಪ್ರತಿ ಮೈಯೂ 25 ಮೈಕ್ರಾನ್ ಉಬ್ಬುತ್ತದೆ. 60 ಡಿಗ್ರಿ ಕೋನದ ಥ್ರೆಡ್‌ನಲ್ಲಿ ಇಳಿಜಾರಿನ ಕಾರಣ ಪಿಚ್ ವ್ಯಾಸ (ಥ್ರೆಡ್ಡಿನ ತುದಿ ಮತ್ತು ತಳದ ನಡುಮಧ್ಯದ ವ್ಯಾಸ) ಇದರ ನಾಲ್ಕು ಪಟ್ಟು ಬದಲಾಗುತ್ತದೆ, ಅಂದರೆ 0.1 ಮಿ.ಮೀ. ಗಂಡು ಥ್ರೆಡ್‌ನಲ್ಲೂ ಹೆಣ್ಣು ಥ್ರೆಡ್‌ನಲ್ಲೂ ಇಷ್ಟಿಷ್ಟು. ಕೊರೆಯುವಾಗಲೇ ಜಾಗ ಬಿಡಿ.

ಶುದ್ಧ ತಾಮ್ರ ಲೇತ್ ಮೇಲೆ ಅಂಟಂಟಾಗಿ ಬರುತ್ತೆ. ಟೈಟೇನಿಯಂ ಅಂತೂ ಟೂಲನ್ನೇ ತಿಂದುಹಾಕುತ್ತೆ.

ತಾಮ್ರಕ್ಕೆ ಒಳ್ಳೆಯ ದಾರಿ ಟೆಲುರಿಯಂ ತಾಮ್ರ, ಸಿ145. ಅರ್ಧ ಪ್ರತಿಶತ ಟೆಲುರಿಯಂ ಸೇರಿದರೆ ಸುರುಳಿ ತಾನಾಗಿ ಮುರಿಯುತ್ತದೆ. ಹಿತ್ತಾಳೆಯ ಸುಲಭಕ್ಕೆ 100 ಅಂಕ ಕೊಟ್ಟರೆ ಶುದ್ಧ ತಾಮ್ರಕ್ಕೆ 20, ಇದಕ್ಕೆ 85. ಶಾಖದ ಅಂಕಿ ಮಾತ್ರ 355ರ ಹತ್ತಿರಕ್ಕೆ ಇಳಿಯುತ್ತದೆ. ಇದು ಏನೇನೂ ದೊಡ್ಡ ನಷ್ಟವಲ್ಲ.

ಟೈಟೇನಿಯಂ ಬಿಸಿಯನ್ನು ಒಯ್ಯದ ಕಾರಣ ಎಲ್ಲ ಬಿಸಿ ಟೂಲ್ ತುದಿಯಲ್ಲೇ ಕೂರುತ್ತದೆ. ವೇಗ ಕಡಿಮೆ ಮಾಡಿ, ಫೀಡ್ (ಟೂಲ್ ಮುಂದೆ ಸರಿಯುವ ಪ್ರಮಾಣ) ಧೈರ್ಯವಾಗಿ ಕೊಡಿ, ಚೂಪಾದ ಕಾರ್ಬೈಡ್ ಬಳಸಿ, ಕೂಲೆಂಟ್ ಧಾರಾಳ ಬಿಡಿ. ಟೂಲನ್ನು ಒಂದೇ ಕಡೆ ಉಜ್ಜುತ್ತಾ ನಿಲ್ಲಿಸಬೇಡಿ. ಇನ್ನೊಂದು ಮಾತು, ದಯವಿಟ್ಟು ಗಂಭೀರವಾಗಿ ತಗೊಳ್ಳಿ: ಟೈಟೇನಿಯಂ, ಜಿರ್ಕೋನಿಯಂ, ಮೆಗ್ನೀಸಿಯಂಗಳ ತೆಳು ಸಿಪ್ಪೆ ಮತ್ತು ಪುಡಿ ಹೊತ್ತಿಕೊಳ್ಳುತ್ತವೆ. ಆ ಬೆಂಕಿಗೆ ನೀರು ಹಾಕಬಾರದು, ಇನ್ನೂ ಭುಗಿಲೇಳುತ್ತದೆ. ಒಣ ಮರಳಿನ ಬಕೆಟ್ ಪಕ್ಕದಲ್ಲೇ ಇರಲಿ. ಸಿಪ್ಪೆಯನ್ನು ಆಗಾಗ ಗುಡಿಸಿ ತೆಗೆಯಿರಿ.

ಟೈಟೇನಿಯಮ್ಮಿಗೆ ನೀಲಿ ಬಣ್ಣ ಬರಿಸ್ತಾರಲ್ಲ, ಅದು ಪೇಂಟಾ?

ಪೇಂಟೂ ಅಲ್ಲ, ಡೈಯೂ ಅಲ್ಲ. ಮೇಲಿನ ಪಾರದರ್ಶಕ ಆಕ್ಸೈಡ್ ಪದರದ ದಪ್ಪವೇ ಬಣ್ಣ ತೋರಿಸುತ್ತದೆ, ನೀರಿನ ಮೇಲೆ ತೇಲುವ ಎಣ್ಣೆಯ ಬಣ್ಣದ ಹಾಗೆ. ದ್ರಾವಣದಲ್ಲಿ ಮುಳುಗಿಸಿ ಡಿಸಿ ವೋಲ್ಟೇಜ್ ಕೊಡುತ್ತಾರೆ: 30ರ ಆಸುಪಾಸಿನಲ್ಲಿ ನೀಲಿ, 60ರ ಹತ್ತಿರ ಹಳದಿ, 100ರ ಹತ್ತಿರ ಹಸಿರು. ಬೆಂಕಿಯ ಜ್ವಾಲೆಯಲ್ಲೂ ಬಣ್ಣ ಬರಿಸಬಹುದು, ಆದರೆ ಹಿಡಿತ ಕಷ್ಟ. ಜೇಬಿನಲ್ಲಿ ಉಜ್ಜಿ ಈ ಬಣ್ಣ ಮಾಸುತ್ತದೆ. ಗೀರುಗಳ ತಗ್ಗಿನಲ್ಲಿ ಬಹಳ ದಿನ ಉಳಿಯುತ್ತದೆ, ಅದಕ್ಕೇ ಬಣ್ಣ ಬೇಕೆನ್ನುವವರಿಗೆ ನಾನು ಆಳದ ಗೀರುಗಳನ್ನು ಕೊರೆದುಕೊಡುತ್ತೇನೆ.

ಮರದ ಗೆರೆ ಹಾಗೆ ಕಾಣೋ ಲೋಹ ನೋಡಿದೆ. ಅದರಲ್ಲಿ ಬಾಡಿ ಮಾಡ್ಬಹುದಾ?

ಅದು ಮೊಕುಮೆ ಗಾನೆ. 17ನೇ ಶತಮಾನದಲ್ಲಿ ಜಪಾನಿನ ಅಕಿತದಲ್ಲಿದ್ದ ಡೆನ್ಬೆ ಶೋಆಮಿ ಕತ್ತಿಯ ಅಲಂಕಾರಕ್ಕಾಗಿ ರೂಪಿಸಿದ್ದು ಅಂತ ಹೇಳುತ್ತಾರೆ. ಬೇರೆ ಬೇರೆ ಬಣ್ಣದ ಲೋಹದ ಹಾಳೆಗಳನ್ನು ಕರಗಿಸದೆ, ಬಿಸಿ ಮತ್ತು ಒತ್ತಡದಲ್ಲಿ ಬೆಸೆದು, ಆಮೇಲೆ ಕೊರೆದು ಗೆರೆ ಕಾಣುವಂತೆ ಮಾಡುತ್ತಾರೆ.

ಬಾಡಿ ಮಾಡಬಹುದು. ಆದರೆ ಪದರಗಳ ಬೆಸುಗೆಯಲ್ಲಿ ಒಂದೇ ಒಂದು ಬಿರುಕಿದ್ದರೂ ಥ್ರೆಡ್ ಕೊರೆಯುವಾಗ ಸೀಳುತ್ತದೆ. ಅದಕ್ಕೇ ನಾನು ಒಳಗೆ ತಾಮ್ರದ ತೆಳು ಕೊಳವೆ ಇಟ್ಟು, ಥ್ರೆಡ್ಡನ್ನೆಲ್ಲ ಅದರಲ್ಲೇ ಹಾಕಿ, ಮೊಕುಮೆಯನ್ನು ಹೊರಗಿನ ತೋಳಿನಂತೆ ಮಾತ್ರ ತೊಡಿಸುತ್ತೇನೆ. ಗೆರೆ ಎದ್ದು ಕಾಣಲು ಹಗುರವಾಗಿ ಆಸಿಡ್ ತಿನ್ನಿಸಿ, ತಕ್ಷಣ ತೊಳೆದು, ಒಣಗಿಸಿ, ಮೇಣ ಸವರಿ. ತಾಮ್ರದ ಪದರ ಕಂದಾಗುತ್ತಾ ಹೋದ ಹಾಗೆ ಪಕ್ಕದ ಬಿಳಿ ಲೋಹದ ಗೆರೆ ಇನ್ನೂ ಚೆನ್ನಾಗಿ ಕಾಣುತ್ತದೆ.